ಗುಡ್ಡದ ಆಚೆ ಬಿಟ್ಟ ಕಪ್ಪೆಗಳು

ಅಕ್ಕ ಅಂಡಮಾನಿನಿಂದ ಕಳಿಸಿದ ವಿಡಿಯೊದಲ್ಲಿ ಮೊದಲು ಕಂಡದ್ದು ಅವಳ ಮನೆಯ ಒದ್ದೆ ಮೆಟ್ಟಿಲು, ಆಮೇಲೆ ಅವಳ ಹವಾಯಿ ಚಪ್ಪಲಿ. ಚಪ್ಪಲಿಯ ಪಕ್ಕದಲ್ಲಿ, ಅದರ ಅರ್ಧಕ್ಕಿಂತ ದೊಡ್ಡದಾಗಿ, ಒಂದು ಕಪ್ಪೆ ಕೂತಿತ್ತು. ಬೆನ್ನ ಮೇಲೆ ಉದ್ದುದ್ದ ಮಡಿಕೆಗಳು, ನಡುವೆ ತಿಳಿಹಳದಿ ಗೆರೆ. ನಾವು ಗೋಂಕರುಕಪ್ಪೆ ಅನ್ನುವುದು.

"ನೋಡೋ, ನಮ್ಮೂರೋನು ಬಂದವ್ನೆ," ಎಂದು ಹಿನ್ನೆಲೆಯಲ್ಲಿ ಅಕ್ಕನ ದನಿ. "ಟಿಕೆಟ್ಟಿಲ್ದೆ ಸಮುದ್ರ ದಾಟ್ಕೊಂಡ್ ಬಂದವ್ನೆ. ನಿಮ್ ಭಾವಂಗೆ ಸರ್ಕಾರ ಟಿಕೆಟ್ ಕೊಟ್ರೂ ನನ್ನ ಊರಿಗೆ ಕರ್ಕೊಂಡ್ ಹೋಗಲ್ಲ."

ಆಗ ನಾನು ಚಿಕ್ಕಬಳ್ಳಾಪುರದ ನಮ್ಮ ಪತ್ರಿಕಾ ಕಚೇರಿಯಲ್ಲಿದ್ದೆ. ಗೌರಿಬಿದನೂರಿನ ಸುದ್ದಿ ಬಂದಿತ್ತು, ಚಿಂತಾಮಣಿಯದು ಬರಬೇಕಿತ್ತು. ವಿಡಿಯೊ ನೋಡಿ ನಕ್ಕು ಪಕ್ಕಕ್ಕಿಟ್ಟೆ. ಭಾವನದು ವಿದ್ಯುತ್ ಇಲಾಖೆಯ ಕೆಲಸ. ಅಲ್ಲಿನ ಒಂದು ದ್ವೀಪಕ್ಕೆ ಹೋಗಿ ಅವರಿಬ್ಬರು ನೆಲೆಸಿ ಕೆಲವು ವರ್ಷಗಳಾಗಿದ್ದವು. ಅಕ್ಕ ಅಲ್ಲಿ ಹಿಂದಿ ಕಲಿತಳು, ಮೀನು ಕತ್ತರಿಸುವುದನ್ನು ಕಲಿತಳು, ಕೋಳಿ ಸಾಕಿದಳು. ಆದರೆ ಊರಿನದು ಅನ್ನುವಂಥದ್ದು ಏನು ಕಂಡರೂ ಫೋಟೊ ತೆಗೆದು ಕಳಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಸಿಕ್ಕ ರಾಗಿ ಹಿಟ್ಟಿನ ಪೊಟ್ಟಣ ಬಂದಿತ್ತು. ಈಗ ಕಪ್ಪೆ.

ಅವಳ ಸಂತೋಷಕ್ಕೆ ಕಾರಣ ನನಗೆ ಗೊತ್ತಿತ್ತು. ನಮ್ಮೂರು ಶಿಡ್ಲಘಟ್ಟ ಸೀಮೆಯಲ್ಲಿ, ಜಂಗಮಕೋಟೆಯ ಬಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕಣೆ, ಸುತ್ತ ಹಿಪ್ಪುನೇರಳೆ ತೋಟ. ಹುಳು ಮನೆಗೆ ಇರುವೆ ಬರಬಾರದು, ಹಲ್ಲಿ ಬರಬಾರದು, ಕಪ್ಪೆಯಂತೂ ಬರಲೇಬಾರದು. ಇರುವೆಗೆ ಅಮ್ಮ ಪುಡಿ ಹಾಕುತ್ತಿದ್ದಳು, ಹಲ್ಲಿಯನ್ನು ಪೊರಕೆಯಿಂದ ಓಡಿಸುತ್ತಿದ್ದಳು. ಕಪ್ಪೆಗೆ ಮಾತ್ರ ಬೇರೆ ಮರ್ಯಾದೆ. ಬಿದಿರಿನ ಮೊರ ತಂದು, ಕಪ್ಪೆಯನ್ನು ಅದರ ಮೇಲೆ ಹತ್ತಿಸಿ, ಒದ್ದೆ ಬಟ್ಟೆ ಮುಚ್ಚಿ, ಒಂದು ಚೊಂಬು ನೀರು ಹಾಕಿ, ಕುಂಟೆಯ ನೀರಿಗೋ ಕೆರೆಗೋ ಬಿಟ್ಟು ಬರಬೇಕು. ಹೊಡೆಯುವಂತಿಲ್ಲ. ಹೊಸ್ತಿಲಿನಾಚೆ ಎಸೆದು ಬಾಗಿಲು ಹಾಕುವಂತೆಯೂ ಇಲ್ಲ. ನೀರಿರುವ ಕಡೆ ತಲುಪಿಸಿದರೇ ಕೆಲಸ ಮುಗಿದಂತೆ.

ಮಳೆ ಕೈಕೊಟ್ಟ ವರ್ಷ ಇದೇ ಕಪ್ಪೆ ದೇವರಾಗುತ್ತಿತ್ತು. ತೆಲುಗು ಬೆರೆಸಿ ಮಾತಾಡುವ ನಮ್ಮ ಕಡೆಯ ಹೆಂಗಸರು ಅದನ್ನು ಕಪ್ಪತಲ್ಲಿ, ಅಂದರೆ ಕಪ್ಪೆತಾಯಿ, ಅನ್ನುತ್ತಾರೆ. ಕಪ್ಪೆಯನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಮೊರದಲ್ಲಿ ಬೇವಿನ ಸೊಪ್ಪಿನ ಮೇಲಿಟ್ಟು, ಮನೆ ಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಅದರ ಮೇಲೆ ನೀರು ಹೊಯ್ಯುತ್ತಾರೆ. ಕೊನೆಗೆ ಕೆರೆಗೆ ಬಿಡುತ್ತಾರೆ. ಚಿಕ್ಕವಳಿದ್ದಾಗ ಆ ಮೊರ ಹೊರುವ ಸರದಿ ಅಕ್ಕನಿಗೆ ಬಂದರೆ ಅವಳು ಇಡೀ ದಿನ ಒದ್ದೆ ಲಂಗದಲ್ಲೇ ಓಡಾಡುತ್ತಿದ್ದಳು. ಮದುವೆಯಾಗಿ ದ್ವೀಪಕ್ಕೆ ಹೊರಟಾಗ ಅವಳ ಸಾಮಾನಿನಲ್ಲಿ ಅಮ್ಮ ಕೊಟ್ಟ ಒಂದು ಮೊರವೂ ಇತ್ತು. ವಿಮಾನ ನಿಲ್ದಾಣದಲ್ಲಿ ಭಾವ ಅದನ್ನು ಹಿಡಿದುಕೊಂಡು ನಿಂತಿದ್ದರು, ಯಾರದೋ ಎಂಬಂತೆ.

ಮುಂದಿನ ಮಳೆಗಾಲಕ್ಕೆ ಅಕ್ಕನ ಫೋನಿನ ಧಾಟಿ ಬದಲಾಯಿತು. ಕಪ್ಪೆಗಳು ಒಂದಲ್ಲ, ಎಲ್ಲೆಲ್ಲೂ ಆಗಿದ್ದವು. ಅಂಗಳದಲ್ಲಿ, ಬಚ್ಚಲಿನ ಹಿಂದೆ, ಕೋಳಿಗೂಡಿನ ಕೆಳಗೆ. ಮಳೆ ಬಿದ್ದ ಸಂಜೆ ಗಂಡು ಕಪ್ಪೆಗಳು ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿ ಕೂಗುತ್ತಿದ್ದವು. ಫೋನಿನಲ್ಲಿ ಅಕ್ಕನ ಮಾತು ಕೇಳಿಸುತ್ತಿರಲಿಲ್ಲ.

"ಕೋಳಿಮರಿ ತಿಂತವೆ ಕಣೋ," ಅಂದಳು ಒಂದು ದಿನ. "ಕಣ್ಣಾರೆ ನೋಡ್ದೆ. ಮೊಟ್ಟೆಯಿಂದ ಆಚೆ ಬಂದು ಇನ್ನೂ ಸರಿಯಾಗಿ ನಿಂತಿರ್ಲಿಲ್ಲ ಆ ಮರಿ. ಕಾಲು ಮಾತ್ರ ಬಾಯಿಂದ ಆಚೆ ಕಾಣ್ತಿತ್ತು."

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಬಂಗಾಳಿ ಮಾತಾಡುವ ಕುಟುಂಬ, ತಲೆಮಾರಿನಿಂದ ಅಲ್ಲಿಯವರು. ಅಕ್ಕ ಅವರನ್ನು ದೀದಿ ಅನ್ನುತ್ತಿದ್ದಳು. ಅಕ್ಕನಿಗೆ ಅಲ್ಲಿ ಇದ್ದ ಒಂದೇ ಹತ್ತಿರದ ಜೀವ ಅವರು. ಬೇಲಿಯ ಮೇಲಿಂದ ಬೆಳಗ್ಗೆ ಒಂದು ಬಾತುಮೊಟ್ಟೆ ಈಚೆ ಬರುತ್ತಿತ್ತು, ಸಾರೋ ಪಲ್ಯವೋ ಆಚೆ ಹೋಗುತ್ತಿತ್ತು. ದೀದಿಗೆ ಸಣ್ಣದೊಂದು ಮೀನಿನ ಕೊಳ, ಬಾತುಗಳು. ಅವರ ಮಗಳನ್ನು ಗುಡ್ಡದ ಆಚೆ ಒಂದು ಮನೆಗೆ ಕೊಟ್ಟಿದ್ದರು. ಅವಳದೂ ಅದೇ ಕಸುಬು, ಇನ್ನೂ ದೊಡ್ಡ ಕೊಳ. ಅವಳ ಸಂಸಾರ ನಡೆಯುತ್ತಿದ್ದದ್ದೇ ಆ ಕೊಳದಿಂದ.

ದೀದಿಯ ಮನೆಯವರು ಕಪ್ಪೆ ಕಂಡರೆ ಕೋಲಿನಿಂದ ಹೊಡೆಯುತ್ತಿದ್ದರು. ಅಕ್ಕನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಭಾವ ಅವಳನ್ನು ರೇಗಿಸುತ್ತಿದ್ದರಂತೆ: "ಶಿಡ್ಲಘಟ್ಟದೋಳು ನೀನು. ಗೂಡಿನೊಳಗಿನ ಹುಳ ಬೇಯಿಸಿ ನೂಲು ತೆಗೆಯೋವಾಗ ಎಲ್ಲಿರುತ್ತೆ ಈ ಕರುಣೆ?"

"ಅದು ಬೇರೆ, ಇದು ಬೇರೆ," ಅಂದಳಂತೆ ಅಕ್ಕ. ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಊಟಕ್ಕೆ ಬಡಿಸಲು ಎದ್ದಳಂತೆ.

ಆ ಮಳೆಗಾಲದಲ್ಲೇ ಅವಳು ಅಮ್ಮನ ಕ್ರಮ ಶುರು ಮಾಡಿದಳು. ಅಂಗಳದಲ್ಲಿ ಕಪ್ಪೆ ಕಂಡರೆ ಮೊರ, ಒದ್ದೆ ಬಟ್ಟೆ, ಒಂದು ಚೊಂಬು ನೀರು. ಬಿಡುವುದು ಎಲ್ಲಿ ಅನ್ನುವುದೇ ಕಷ್ಟವಾಯಿತು. ಹತ್ತಿರ ಬಿಟ್ಟರೆ ಮತ್ತೆ ಬರುತ್ತವೆ, ದೀದಿಯ ಕೊಳಕ್ಕಂತೂ ಬಿಡುವಂತಿಲ್ಲ. ಹಾಗಾಗಿ ಮುಚ್ಚಳದ ಬಕೆಟ್ಟಿನಲ್ಲಿ ಹಾಕಿಕೊಂಡು, ಭಾವನ ಸ್ಕೂಟರಿನಲ್ಲಿ ಗುಡ್ಡ ಹತ್ತಿ ಇಳಿದು, ಆ ಕಡೆಯ ಹಳ್ಳಕ್ಕೆ ಬಿಟ್ಟು ಬರತೊಡಗಿದಳು. ನಮ್ಮ ಕಡೆ ಹಳ್ಳ ಅಂದರೆ ದೊಡ್ಡ ಮಳೆಗೆ ಎರಡು ದಿನ ಹರಿದು, ಮಿಕ್ಕಂತೆ ಗುಂಡಿಗಳಲ್ಲಿ ನಿಂತು ಇಂಗಿಹೋಗುವಂಥದ್ದು. ಬಿಟ್ಟದ್ದು ಬಿಟ್ಟಲ್ಲೇ ಇರುತ್ತದೆ. ಹಳ್ಳ ಎತ್ತ ಹೋಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಅಕ್ಕನೂ ಕೇಳಲಿಲ್ಲ.

"ಹೊಡೀಲಿಲ್ಲ ಬಡೀಲಿಲ್ಲ, ಎಲ್ಲಾರ್ಗೂ ಒಳ್ಳೇದಾಯ್ತು," ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಅಮ್ಮ ಇಲ್ಲಿ ಅದನ್ನು ಅಕ್ಕಪಕ್ಕದವರಿಗೆಲ್ಲ ಹೇಳಿ ಹೆಮ್ಮೆಪಟ್ಟಳು.

ಮರುವರ್ಷ ಬೇಸಿಗೆಯಲ್ಲಿ ಭಾನುವಾರದ ಪುಟಕ್ಕೆ ಒಂದು ಸಣ್ಣ ಬರಹ ಬೇಕಿತ್ತು. ನಮ್ಮ ಕೆರೆಗಳ ಕಪ್ಪೆ ಒಂದು ದ್ವೀಪಕ್ಕೆ ಹೋಗಿ ಬೆಳೆದ ಬಗ್ಗೆ ಬರೆಯೋಣ ಅನ್ನಿಸಿತು. ಅಕ್ಕ ಹೇಳಿದ್ದನ್ನಷ್ಟೇ ಅಚ್ಚು ಮಾಡಲಾಗುವುದಿಲ್ಲ. ಅಲ್ಲಿನ ಅರಣ್ಯ ಇಲಾಖೆಯ ನಂಬರು ಹುಡುಕಿ ಒಬ್ಬ ಅಧಿಕಾರಿಯ ಜೊತೆ ಮಾತಾಡಿದೆ. ತಾಳ್ಮೆಯ ಮನುಷ್ಯ. ಈ ಕಪ್ಪೆ ಅಲ್ಲಿನದಲ್ಲ ಅಂದರು. ಮೀನುಮರಿಗಳ ಜೊತೆ ಈ ಕಡೆಯ ನೆಲದಿಂದ ಬಂದಿರಬೇಕು ಅನ್ನುತ್ತಾರೆ, ಖಚಿತವಾಗಿ ನಾನು ಹೇಳಲಾರೆ ಅಂದರು. ಮರಿಮೀನು, ಹಲ್ಲಿ, ಅಲ್ಲಿಯದೇ ಆದ ಸಣ್ಣ ಕಪ್ಪೆಗಳು, ಕೋಳಿಮರಿ, ಬಾತುಮರಿ, ಬಾಯಿಗೆ ಹಿಡಿದದ್ದನ್ನೆಲ್ಲ ನುಂಗುತ್ತದೆ. ಇದರ ಗೊದಮೊಟ್ಟೆಗಳು ಬೇರೆ ಕಪ್ಪೆಗಳ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಆ ಸಣ್ಣ ಕಪ್ಪೆಗಳು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ ಎಂದು ಎರಡು ಸಲ ಹೇಳಿದರು.

ಕೊನೆಗೆ, ನಾನು ಕೇಳದೆಯೇ, ಇನ್ನೊಂದು ಮಾತು ಸೇರಿಸಿದರು. "ಒಂದು ಗುಡ್ಡ ಅಡ್ಡ ಇತ್ತು. ಅದರ ಈಚೆಗೆ ನಿಲ್ಲುತ್ತದೆ ಅಂದುಕೊಂಡಿದ್ದೆವು. ಈಗ ಆಚೆಯ ಹಳ್ಳದ ಉದ್ದಕ್ಕೂ ದೂರು ಬರ್ತಿದೆ. ಹೇಗೆ ದಾಟಿದವೋ."

ಯಾವ ಗುಡ್ಡ, ಯಾವ ಹಳ್ಳ ಎಂದು ಕೇಳಿದೆ. ಹೇಳಿದರು. ಹಳ್ಳದ ಕೆಳಗೆ ಯಾರ ಕೊಳಗಳಿವೆ ಎಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಎರಡು ವಾರದ ಹಿಂದಷ್ಟೇ ಅಕ್ಕ ಹೇಳಿದ್ದಳು, ದೀದಿಯ ಮಗಳ ಕೊಳದಲ್ಲಿ ಮರಿಮೀನು ಉಳಿಯುತ್ತಿಲ್ಲ, ಬಾತುಮರಿ ಒಂದೊಂದಾಗಿ ಕಾಣೆಯಾಗುತ್ತಿವೆ, ಪಾಪ ಆ ಹುಡುಗಿ ಕೊಳ ಮುಚ್ಚಿಬಿಡುತ್ತೀನಿ ಅಂತ ಅಳುತ್ತಾಳೆ ಎಂದು. ಆ ಭಾನುವಾರ ಬೇರೆ ಬರಹ ಹಾಕಿದೆವು.

ಅಕ್ಕ ರಜೆಗೆ ಬರುವವಳಿದ್ದಳು. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ಅಲ್ಲಿಯವರೆಗೆ ಕಾದೆ.

ಅವಳು ಬಂದಾಗ ಜೂನ್ ನಡೆಯುತ್ತಿತ್ತು, ಮುಂಗಾರು ತಡವಾಗಿತ್ತು. ಹುಳುಗಳು ಹಣ್ಣಾಗಿದ್ದವು. ಅಂದರೆ ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ತಯಾರಾಗಿದ್ದವು. ಅವನ್ನು ಆರಿಸಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡುವ ಕೆಲಸ ತಡೆಯುವಂಥದ್ದಲ್ಲ. ಬಂದ ಮರುದಿನವೇ ಅಮ್ಮ ಅಕ್ಕನನ್ನೂ ನನ್ನನ್ನೂ ಹುಳು ಮನೆಗೆ ಎಳೆದಳು. ಮೂವರೂ ಬಗ್ಗಿ ಹುಳು ಆರಿಸುತ್ತಿದ್ದಾಗ ನಾನು ಹೇಳಿದೆ. ಅಧಿಕಾರಿ ಹೇಳಿದ ಕ್ರಮದಲ್ಲೇ, ಸೇರಿಸದೆ, ಬಿಡದೆ.

ಅಕ್ಕ ಹುಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಅಂದ್ರೆ ದೀದಿ ಮಗಳ ಮನೆಗೆ ನಾನೇ ಕಳಿಸ್ದಂಗಾಯ್ತು," ಅಂದಳು.

"ನೀನೊಬ್ಳೇ ಅಂತ ಹೇಳಕ್ಕಾಗಲ್ಲ. ತಾವಾಗೇ ದಾಟಿರ್ಬಹುದು."

"ಪೇಪರ್‌ನಲ್ಲಿ ಬರಿಯೋ ಥರ ಮಾತಾಡ್ಬೇಡ. ಬಕೆಟ್ಟು ನನ್ದು, ಸ್ಕೂಟ್ರು ಓಡ್ಸಿದ್ದು ನಾನು."

ಅಮ್ಮ ತಲೆ ಎತ್ತಿದಳು. "ಏನೀಗ, ಸಾಯಿಸ್ಬೇಕಿತ್ತಾ? ಕಪ್ಪೆ ಸಾಯ್ಸಿದ್ರೆ ಮಳೆ ಓಡೋಗುತ್ತೆ."

"ಅಲ್ಲಿ ಮಳೆ ಓಡಿಸಕ್ಕೆ ಯಾರ್ ಕೈಲೂ ಆಗಲ್ಲಮ್ಮ. ಬಟ್ಟೆ ಒಣಗ್ಲಿ ಅಂತ ನಾವೇ ಬೇಡ್ಕೊಂತೀವಿ."

ಅಮ್ಮನಿಗೆ ನಗು ಬಂತು, ಆದರೆ ಅಕ್ಕ ನಗಲಿಲ್ಲ. "ಪ್ರತಿ ದಿನ ಬೇಲಿ ಮೇಲಿಂದ ಮೊಟ್ಟೆ ಕೊಡ್ತಾರಮ್ಮ ಆಯಮ್ಮ. ಮಗಳ ಕಷ್ಟ ನನ್ಹತ್ರಾನೇ ಹೇಳ್ಕೊಂತಾರೆ. ನಾನು ಅಯ್ಯೋ ಪಾಪ ಅಂತೀನಿ," ಅಂದಳು.

"ಹೇಳ್ಬೇಡ ಬಿಡು. ಯಾರಿಗೆ ಗೊತ್ತಾಗುತ್ತೆ?"

ಹೇಳಿದ್ದು ತನಗೇ ಹಿಡಿಸಲಿಲ್ಲ ಎಂಬಂತೆ ಅಮ್ಮ ಎದ್ದು ಹೋಗಿ ಇನ್ನೊಂದು ತಟ್ಟೆ ಎಳೆದುಕೊಂಡಳು.

ಆ ವಾರವೇ ಬೀದಿಯ ಹೆಂಗಸರು ಕಪ್ಪತಲ್ಲಿ ಮಾಡುವುದೆಂದು ತೀರ್ಮಾನಿಸಿದರು. ತೊಂದರೆ ಒಂದೇ, ಗೋಂಕರುಕಪ್ಪೆ ಸಿಗುತ್ತಿರಲಿಲ್ಲ. ಕೆರೆ ಅಂಚಿನಲ್ಲಿ ಸಣ್ಣ ಕಪ್ಪೆಗಳಿದ್ದವು, ದೊಡ್ಡದು ಕಾಣಿಸದೆ ಬಹಳ ಕಾಲವಾಗಿತ್ತು. ಕಾರಣ ಹೊಲಕ್ಕೆ ಹೊಡೆಯುವ ಔಷಧಿ ಅಂದರು ಕೆಲವರು, ನೀರಿಲ್ಲದ್ದು ಅಂದರು ಕೆಲವರು. ನನಗೆ ಗೊತ್ತಿಲ್ಲ.

"ಏನಮ್ಮ, ನಿಮ್ಮ ದ್ವೀಪದಲ್ಲಿ ಬೇಕಾದಷ್ಟವೆ ಅಂತ ನಿಮ್ಮಮ್ಮ ಹೇಳ್ಕೊಂಡ್ ಬಂದಿದ್ಳು," ಎಂದು ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ಅಕ್ಕನನ್ನು ಕೇಳಿದಳು. "ಬರ್ತಾ ಒಂದೆರಡು ಬ್ಯಾಗಲ್ಲಿ ಹಾಕ್ಕೊಂಡ್ ಬರೋದಲ್ವಾ? ನಮ್ಗೂ ಮಳೆ ಆಗ್ತಿತ್ತು, ಅವ್ಕೂ ತವರು ನೋಡ್ದಂಗಾಗ್ತಿತ್ತು."

"ಅವು ಬಸುರಿ ಬಾಣಂತಿ ಅಲ್ಲಕ್ಕ, ತವ್ರಿಗೆ ಬರಕ್ಕೆ," ಅಂದಳು ಅಕ್ಕ. ಎಲ್ಲರೂ ನಕ್ಕರು. ಅವಳು ಒಳಗೆ ಹೋದಳು.

ಕಪ್ಪೆ ಸಿಕ್ಕಿದ್ದು ನಮ್ಮ ತೋಟದ ಕೃಷಿಹೊಂಡದಲ್ಲಿ. ಹೊಂಡಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದೆ, ತಳದಲ್ಲಿ ಒಂದಿಷ್ಟು ನೀರಿತ್ತು. ಒಂದು ದೊಡ್ಡ ಕಪ್ಪೆ ಹಾಳೆಯ ಇಳಿಜಾರನ್ನು ಹತ್ತಲು ಹೋಗಿ ಜಾರುತ್ತಿತ್ತು. ಸ್ವಲ್ಪ ಸುಮ್ಮನಿದ್ದು ಮತ್ತೆ ಹತ್ತುತ್ತಿತ್ತು, ಮತ್ತೆ ಜಾರುತ್ತಿತ್ತು. ಎಷ್ಟು ದಿನದಿಂದ ಹೀಗಿತ್ತೋ, ಸೊರಗಿತ್ತು. ಅಕ್ಕ ಒಂದು ಗೋಣಿಚೀಲ ನೆನೆಸಿ, ಅಂಚಿನಿಂದ ನೀರಿನವರೆಗೆ ಇಳಿಬಿಟ್ಟು ಮೇಲೆ ಕಲ್ಲು ಇಟ್ಟಳು. ನಾವು ದೂರ ಹೋಗಿ ಬೇವಿನ ಮರದ ಕೆಳಗೆ ಕೂತೆವು. ಬಹಳ ಹೊತ್ತಿನ ಮೇಲೆ ಕಪ್ಪೆ ಗೋಣಿಯ ಎಳೆಗಳಿಗೆ ಬೆರಳು ಸಿಕ್ಕಿಸಿಕೊಂಡು, ನಿಂತು ನಿಂತು ಹತ್ತಿ ಬಂತು. ಅಕ್ಕ ಮೊರ ಒಡ್ಡಿದಳು.

"ಇಲ್ಲಿ ಒಂದಕ್ಕೆ ಹುಡುಕಾಡ್ತೀವಿ," ಅಂದಳು.

ಅವತ್ತು ಮೊರ ಹೊತ್ತವಳು ಅವಳೇ. ಮನೆಮನೆಯಲ್ಲೂ ನೀರು ಹೊಯ್ದರು. ಕೆಲವರು ಕಪ್ಪೆಗಿಂತ ಅಕ್ಕನ ತಲೆಗೇ ಹೆಚ್ಚು ಹೊಯ್ದರು, ಅದೊಂದು ತಮಾಷೆ. ಕೆರೆಯ ಅಂಚಿಗೆ ಬಂದಾಗ ಅಕ್ಕ ಬಟ್ಟೆಯ ಗಂಟು ಬಿಚ್ಚಿ, ಮೊರವನ್ನು ಹಾಗೇ ಹಿಡಿದು ನಿಂತುಬಿಟ್ಟಳು.

"ಇದು ಇಲ್ಲಿದೇ ತಾನೆ?" ಎಂದು ಕೇಳಿದಳು.

"ಇಲ್ಲಿದಲ್ದೆ ಇನ್ನೆಲ್ಲಿದಮ್ಮ?" ಅಂದಳು ಎದುರು ಮನೆಯಾಕೆ. "ಆಧಾರ್ ಕಾರ್ಡ್ ಕೇಳ್ಬೇಕಾ? ಬಿಡು ಬೇಗ, ಚಳಿ ಆಗ್ತಿದೆ."

ಅಕ್ಕ ಮೊರ ಬಗ್ಗಿಸಿದಳು. ಕಪ್ಪೆ ಒಂದು ಗಳಿಗೆ ಮೊರದ ತುದಿಯಲ್ಲೇ ಕೂತಿದ್ದು ನೀರಿಗೆ ಹಾರಿತು.

ರಜೆ ಮುಗಿಸಿ ಹೊರಡುವ ಬೆಳಗ್ಗೆ ಅಕ್ಕ ಅಮ್ಮನಿಗೆ, "ಹೋದ ತಕ್ಷಣ ದೀದಿಗೆ ಹೇಳ್ತೀನಿ," ಅಂದಳು. ಅಮ್ಮ ಅವಳ ಚೀಲಕ್ಕೆ ಹುರುಳಿಕಾಳು ತುಂಬುತ್ತಿದ್ದವಳು, "ದೀದಿಗೂ ಸ್ವಲ್ಪ ಕೊಡು," ಎಂದಷ್ಟೇ ಹೇಳಿದಳು.

ಮುಂದಿನದೆಲ್ಲ ಅಕ್ಕ ಫೋನಿನಲ್ಲಿ ಹೇಳಿದ್ದು. ದೀದಿಗೆ ಹೇಳಿದಳು. ಹುರುಳಿಕಾಳು ಕೊಡುವ ಮೊದಲೇ ಹೇಳಿದಳಂತೆ, ಆಮೇಲೆ ಹೇಳಿದರೆ ಸರಿಯಲ್ಲ ಎಂದು. ಬಕೆಟ್ಟು, ಸ್ಕೂಟರು, ಯಾವ ತಿರುವಿನಲ್ಲಿ ಬಿಟ್ಟದ್ದು, ಎಲ್ಲ. ದೀದಿ ಕೇಳಿಸಿಕೊಂಡರು. "ನಿಮ್ಮ ಊರಲ್ಲಿ ಹಳ್ಳ ಹರಿಯೋದಿಲ್ವಾ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದರು. ಮರುದಿನ ಬೇಲಿಯ ಮೇಲೆ ಮೊಟ್ಟೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಕ್ಕ ಮಾಡಿದ ಸಾರು ಆಚೆ ಕೊಡಲು ಧೈರ್ಯ ಬರದೆ ಭಾವ ಎರಡು ಹೊತ್ತೂ ಅದನ್ನೇ ಉಂಡರು.

"ಬೈದಿದ್ರೆ ಚೆನ್ನಾಗಿತ್ತು ಕಣೋ," ಅಂದಳು ನನಗೆ. "ಬಾತುಗಳ ಹತ್ರ ಮಾತಾಡ್ತಾರೆ, ನನ್ಹತ್ರ ಇಲ್ಲ."

ಹೀಗೆ ಕೆಲವು ದಿನ ಕಳೆದವು. ಒಂದು ದೊಡ್ಡ ಮಳೆಯ ಮಾರನೆಯ ಬೆಳಗ್ಗೆ ದೀದಿ ಬೇಲಿಯ ಹತ್ತಿರ ನಿಂತು ಕೂಗಿದರಂತೆ. "ನಿನ್ನ ಆ ಬಿದಿರಿನದು ತಗೊಂಡು ಬಾ. ಸ್ಕೂಟರ್ ತೆಗಿ."

ಇಬ್ಬರೂ ಗುಡ್ಡ ದಾಟಿ ಮಗಳ ಮನೆಗೆ ಹೋದರು. ಕೊಳದ ಬದಿಯ ಆಳವಿಲ್ಲದ ನೀರಿನಲ್ಲಿ ಕಪ್ಪೆಯ ಮೊಟ್ಟೆಗಳು ಹಾಲಿನ ಕೆನೆಯಂತೆ ಹರಡಿ ತೇಲುತ್ತಿದ್ದವು, ಕೆನೆಯ ತುಂಬ ಕರಿ ಚುಕ್ಕಿ. ಮೊಟ್ಟೆ ಬೇಗ ಒಡೆಯುತ್ತವೆ, ಗೊದಮೊಟ್ಟೆಗಳಾದ ಮೇಲೆ ಹಿಡಿಯಲಾಗದು, ಹಾಗಾಗಿ ಮಳೆಯ ಮರುಬೆಳಗ್ಗೆಯೇ ಎತ್ತಬೇಕು. ಬಕೆಟ್ಟಿನಲ್ಲಿ ಮೊಗೆದರೆ ಚದುರಿಹೋಗುತ್ತದೆ. ಮೊರವನ್ನು ಕೆಳಗಿನಿಂದ ಸರಿಸಿ ಮೆಲ್ಲಗೆ ಎತ್ತಿದರೆ ನೀರು ಸೋರಿ ಮೊಟ್ಟೆ ಉಳಿಯುತ್ತದೆ. ದೀದಿ ಅದನ್ನು ಯೋಚಿಸಿಯೇ ಮೊರ ತರಲು ಹೇಳಿದ್ದರು.

ಮಗಳಿಗೆ ವಿಷಯ ಗೊತ್ತಿರಲಿಲ್ಲ. ದೀದಿ ಹೇಳಿರಲಿಲ್ಲ. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತೇ ಹೇಳಿದಳು, ಈ ಕಪ್ಪೆಗಳನ್ನು ಗುಡ್ಡ ದಾಟಿಸಿದ್ದು ನಾನು ಎಂದು. ಆ ಹುಡುಗಿ ಕೊಳದ ಆಚೆ ತುದಿ, ಕೆಸರು ಹೆಚ್ಚಿರುವ ಜಾಗ ತೋರಿಸಿ, "ಹಾಗಾದ್ರೆ ಆ ಮೂಲೆ ನಿಂದು," ಅಂದಳಂತೆ.

ಈಗ ಮಳೆ ಬಿದ್ದ ಮಾರನೆಯ ದಿನ ಅಕ್ಕ ಆ ಮೂಲೆಗೆ ಹೋಗುತ್ತಾಳೆ. ಕೊಳದ ಸುತ್ತ ಹಳೆಯ ಮೀನುಬಲೆಯ ಬೇಲಿ ಕಟ್ಟಿದ್ದಾರೆ. ಹಳ್ಳದಲ್ಲಿರುವ ಕಪ್ಪೆಗಳಿಗೆ ಅವರೇನೂ ಮಾಡಲಾರರು. ದೊಡ್ಡ ಕಪ್ಪೆಯನ್ನು ಹೊಡೆಯುವುದು ಅಕ್ಕನ ಕೈಲಿ ಇಂದಿಗೂ ಆಗುವುದಿಲ್ಲ. ಆ ಹುಡುಗಿ ಹೊಡೆಯುವಾಗ ಇವಳು ಬೇರೆ ಕಡೆ ನೋಡುತ್ತಾಳೆ. ಕೊಳ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಈ ಸಲದ ಬಾತುಮರಿಗಳಲ್ಲಿ ಹೆಚ್ಚಿನವು ಬದುಕಿವೆ, ಅಷ್ಟು ಮಾತ್ರ ಹೇಳಬಹುದು. ಹುಡುಗಿ ಕೊಳ ಮುಚ್ಚುವ ಮಾತು ಸದ್ಯಕ್ಕೆ ಎತ್ತುತ್ತಿಲ್ಲ.

ಇದನ್ನೆಲ್ಲ ಅಕ್ಕ ಅಮ್ಮನಿಗೆ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ, ಮಡಿಲಲ್ಲಿಟ್ಟುಕೊಂಡು, ಗೂಡು ಬಿಡಿಸುತ್ತಾ ಕೇಳುತ್ತಿದ್ದಳು.

"ಮೊರದಲ್ಲಿ ಎತ್ತಿ ಏನ್ ಮಾಡ್ತೀಯ?" ಎಂದು ಕೇಳಿದಳು.

"ದಡದ ಮೇಲೆ ಹಾಕ್ತೀವಮ್ಮ. ಬಿಸ್ಲಿಗೆ."

"ನೀರು ಹಾಕ್ದೇನೆ?"

"ನೀರಿಂದ ತೆಗೆಯೋದೇ ಕೆಲ್ಸಮ್ಮ."

ಅಮ್ಮನ ಕೈ ನಿಂತಿತು. ಅವಳು ಏನು ಹೇಳುತ್ತಾಳೋ ಎಂದು ಆ ಕಡೆ ಅಕ್ಕನೂ ಕಾಯುತ್ತಿದ್ದಳೆಂದು ಕಾಣುತ್ತದೆ, ಫೋನಿನಲ್ಲಿ ಬಾತುಗಳ ಸದ್ದು ಮಾತ್ರ ಬರುತ್ತಿತ್ತು.

"ಗುಡ್ಡೆ ಹಾಕ್ಬೇಡ," ಅಂದಳು ಅಮ್ಮ. "ಒಳಗಿಂದು ಒಣಗಕ್ಕೆ ಹೊತ್ತಾಗುತ್ತೆ. ತೆಳ್ಳಗೆ ಹರಡು, ಬೇಗ ಆಗೋಗ್ಲಿ."

ಮತ್ತೆ ಗೂಡು ಬಿಡಿಸತೊಡಗಿದಳು. "ಮೊಟ್ಟೆ ಕೊಡ್ತವ್ರಾ ಈಗ ನಿಮ್ ದೀದಿ?"

"ನೆನ್ನೆ ಒಂದು ಕೊಟ್ರು," ಅಂದಳು ಅಕ್ಕ. "ಬೇಲಿ ಮೇಲೆ ಇಟ್ಟು ಹೋದ್ರು. ಮಾತಾಡ್ಲಿಲ್ಲ."